ಆರ್‌ಸಿಯಲ್ಲಿರುವ ಬುಲೆಟ್ ಬೇರೆ, ಎದುರಿಗೆ ನಿಂತ ಬುಲೆಟ್ ಬೇರೆ: ಒಂದು ಪ್ರಕರಣ

2025ರ ಸೆಪ್ಟೆಂಬರ್‌ನಲ್ಲಿ ಅಕ್ಕನ ಮಗ ಒಂದು ಫೋಟೋ ಕಳಿಸಿದ. "ಮಾವ, ಇದನ್ನ ತಗೊಳ್ತಾ ಇದ್ದೀನಿ, 20 ಸಾವಿರ ಅಡ್ವಾನ್ಸ್ ಕೊಟ್ಟಾಯ್ತು, ಪೇಪರ್ ಒಂದ್ಸಲ ನೋಡಿಬಿಡಿ" ಅಂತ. ಫೋಟೋದಲ್ಲಿ ಇದ್ದದ್ದು ಒಂದು ಕಾಲದಲ್ಲಿ ಬುಲೆಟ್ ಆಗಿದ್ದ ಗಾಡಿ. ಹಿಂದೆ ಮಡ್‌ಗಾರ್ಡ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಒಂದೇ ಸೀಟು, ಹಳೇ ಸೈಕಲ್ ಸೀಟಿನ ಹಾಗೆ ಸ್ಪ್ರಿಂಗ್ ಮೇಲೆ ಕೂತಿದೆ. ಟ್ಯಾಂಕಿಗೆ ಕಡು ಹಸಿರು, ಅಂಚಿನಲ್ಲಿ ಕೈಯಿಂದ ಎಳೆದ ಚಿನ್ನದ ಗೆರೆ. ಇಂಥದ್ದಕ್ಕೆ ಬಾಬರ್ ಅಂತಾರೆ. ತುಂಬಾ ಚಂದ ಇತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಬೆಲೆ 1 ಲಕ್ಷ 85 ಸಾವಿರ.

ನಾನು 19 ವರ್ಷ ದ್ವಿಚಕ್ರ ವಾಹನಗಳ ಶೋರೂಮಿನಲ್ಲಿ ಆರ್‌ಟಿಓ ಕೆಲಸ ನೋಡಿಕೊಂಡವನು. ನೋಂದಣಿ, ಟ್ರಾನ್ಸ್‌ಫರ್, ಸಾಲದ ಎಂಟ್ರಿ ತೆಗೆಸುವುದು, ದಿನಾ ಇದೇ. ಆದರೂ ಈ ಒಂದು ಗಾಡಿಯ ಪೇಪರ್ ಬಿಡಿಸಲು ನನಗೆ ಐದು ವಾರ ಹಿಡಿಯಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಈಚೆಗೆ ಕಸ್ಟಮ್ ಗಾಡಿ ಕೊಳ್ಳುವ ಹುಡುಗರು ಜಾಸ್ತಿಯಾಗಿದ್ದಾರೆ, ಮತ್ತು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಆರ್‌ಸಿ ಇದೆ ತಾನೇ?" ಆರ್‌ಸಿ ಇತ್ತು. ಅಸಲಿಯೇ ಇತ್ತು. ತೊಂದರೆ ಇದ್ದದ್ದು ಅಲ್ಲಿ ಅಲ್ಲ.

ಮಾರುವ ಹುಡುಗನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅವನು ಮೋಸಗಾರ ಅಲ್ಲ. ಬೆಂಗಳೂರಿನಲ್ಲಿ ಕೆಲಸ, ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಲಾಕ್‌ಡೌನ್ ಕಾಲದಲ್ಲಿ ತಾನೇ ಕೂತು, ಒಬ್ಬ ವೆಲ್ಡರ್ ಸಹಾಯ ತಗೊಂಡು, ಈ ಗಾಡಿ ಕಟ್ಟಿದವನು. ಏನು ಕೇಳಿದರೂ ಮುಚ್ಚಿಡದೆ ಹೇಳಿದ. ಅವನಿಗೆ ನಟ್ಟು ಬೋಲ್ಟು ಗೊತ್ತಿತ್ತು, ಕಾಗದ ಗೊತ್ತಿರಲಿಲ್ಲ, ಅಷ್ಟೇ.

ಆರ್‌ಸಿ ಪ್ರಕಾರ ಗಾಡಿ 2004ರ ಮಾರ್ಚ್‌ನದ್ದು, ಕೆಎ 13, ಅಂದರೆ ಹಾಸನ. 346 ಸಿಸಿ, ಸೀಟು ಎರಡು, ಬಣ್ಣ ಕಪ್ಪು. ಒಂದು ಸಹಕಾರಿ ಬ್ಯಾಂಕಿನ ಸಾಲದ ಎಂಟ್ರಿ ಹಾಗೇ ಇದೆ. ಮಾಲೀಕರ ಹೆಸರು ಮಾರುವವನದ್ದಲ್ಲ. ಅರಸೀಕೆರೆಯ ಒಬ್ಬ ಹಿರಿಯರದ್ದು. ಅವರು 2013ರಲ್ಲಿ ಬೆಂಗಳೂರಿನ ಒಬ್ಬರಿಗೆ ಮಾರಿದ್ದಾರೆ, ಆ ಒಬ್ಬರು 2019ರಲ್ಲಿ ಈ ಹುಡುಗನಿಗೆ. ಮಧ್ಯದವರೂ ಹೆಸರು ಬದಲಿಸಿಕೊಳ್ಳಲಿಲ್ಲ, ಇವನೂ ಬದಲಿಸಿಕೊಳ್ಳಲಿಲ್ಲ. ಕೈಯಿಂದ ಕೈಗೆ ದಾಟಿ ಬಂದದ್ದು ಸಹಿ ಹಾಕಿದ ಫಾರ್ಮ್ 29 ಮತ್ತು ಫಾರ್ಮ್ 30, ಅಂದರೆ ಮಾಲೀಕರ ಹೆಸರು ಬದಲಿಸಲು ಆರ್‌ಟಿಓಗೆ ಕೊಡುವ ಫಾರ್ಮ್‌ಗಳು. ಕೊಳ್ಳುವವರ ಹೆಸರು ಖಾಲಿ, ತಾರೀಖು ಖಾಲಿ. ಓಪನ್ ಪೇಪರ್ ಅನ್ನುತ್ತಾರಲ್ಲ, ಅದೇ.

"ಸರ್, ಸೈನ್ ಇದೆ, ನಿಮ್ಮ ಹುಡುಗನ ಹೆಸರು ಬರ್ಕೊಂಡ್ರೆ ಆಯ್ತು" ಅಂದ. ನಾನು ಫಾರ್ಮ್ ಕೈಗೆ ತಗೊಂಡೆ. ಮಡಿಕೆ ಹರಿದು ಒಳಗಿನಿಂದ ಸೆಲ್ಲೋಟೇಪ್ ಹಾಕಿದ್ದರು, ಟೇಪ್ ಹಳದಿಯಾಗಿತ್ತು. ಸಹಿ ನೀಲಿ ಇಂಕ್ ಪೆನ್ನಿನದ್ದು, ಮಂಕಾಗಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹನ್ನೆರಡು ವರ್ಷದ ಸಹಿ. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು ಅಂತ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಹನ್ನೆರಡು ವರ್ಷ ತಡವಾದರೂ ದಂಡ ಕಟ್ಟಿ ಮುಗಿಸಬಹುದಿತ್ತು, ಸಹಿ ಹಾಕಿದವರು ಎದುರಿಗೆ ಬಂದು ಹೌದು ಅಂದಿದ್ದರೆ. ಅವರಿಗೆ ಕೊನೇ ಸಲ ಫೋನ್ ಮಾಡಿದ್ದು ಯಾವಾಗ ಅಂತ ಕೇಳಿದೆ. ಹುಡುಗ ಅವರ ಜೊತೆ ಒಮ್ಮೆಯೂ ಮಾತಾಡಿರಲಿಲ್ಲ.

ಅದನ್ನು ಅಲ್ಲಿಗೇ ಬಿಟ್ಟು ಗಾಡಿಯ ಹತ್ತಿರ ಹೋದೆ.

ಕಸ್ಟಮ್ ಗಾಡಿಯಲ್ಲಿ ಎಲ್ಲರೂ ಕೆಲಸದ ನಯ ನೋಡುತ್ತಾರೆ. ಆದರೆ ಸರ್ಕಾರದ ಕಣ್ಣಿಗೆ ಆ ಗಾಡಿ ಅಂದರೆ ಎರಡು ನಂಬರ್. ಒಂದು ಚಾಸಿಯ, ಅಂದರೆ ಫ್ರೇಮಿನ ಮೇಲೆ, ಒಂದು ಎಂಜಿನ್ ಮೇಲೆ. ಟ್ಯಾಂಕ್, ಹ್ಯಾಂಡಲ್, ಚಕ್ರ, ಇದಕ್ಕೆಲ್ಲ ಆರ್‌ಸಿಯಲ್ಲಿ ಗುರುತಿಲ್ಲ. ಮಾಮೂಲಿ ಹಳೇ ಗಾಡಿಯಲ್ಲಿ ಈ ಎರಡು ನಂಬರ್ ತಾವಿದ್ದಲ್ಲೇ ಇರುತ್ತವೆ. ಕಸ್ಟಮ್ ಮಾಡುವಾಗ ಫ್ರೇಮ್ ಕತ್ತರಿಸುತ್ತಾರೆ, ಎಂಜಿನ್ ಇಳಿಸುತ್ತಾರೆ, ದಪ್ಪಗೆ ಪೇಂಟ್ ಬಳಿಯುತ್ತಾರೆ. ನಂಬರ್ ಕಳೆದುಹೋಗಲು ಕಳ್ಳನೇ ಬೇಕಾಗಿಲ್ಲ.

ಬುಲೆಟ್‌ನ ಚಾಸಿ ನಂಬರ್ ಹ್ಯಾಂಡಲ್ ಕೆಳಗೆ, ಸ್ಟೀರಿಂಗ್ ಹೆಡ್‌ನ ಕೊಳವೆಯ ಹತ್ತಿರ ಇರುತ್ತದೆ. ಇಲ್ಲಿ ಅದರ ಮೇಲೆ ಕಪ್ಪು ಪೌಡರ್ ಕೋಟಿಂಗ್ ಕೂತಿತ್ತು. ಟಾರ್ಚ್ ಓರೆಯಾಗಿ ಹಿಡಿದರೆ ಅಕ್ಷರಗಳ ನೆರಳು ಕಾಣುತ್ತಿತ್ತು, ಓದಲಾಗುತ್ತಿರಲಿಲ್ಲ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಆರ್‌ಟಿಓ ಅರ್ಜಿಗಳಿಗೆ ಅಂಟಿಸುತ್ತಿದ್ದ ಚಾಸಿ ಪ್ರಿಂಟ್ ತೆಗೆಯುವುದು ಹೀಗೇ. ಮೂರು ಅಕ್ಷರ ಬಿದ್ದವು, ಮಿಕ್ಕದ್ದೆಲ್ಲ ಬೂದು ಕಲೆ. "ಇದು ನಿಮ್ಮ ಗಾಡಿ, ಇಲ್ಲಿ ಇಷ್ಟಗಲ ಪೇಂಟ್ ತೆಗೆಯಲಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೂಂ ಅಂದ. ತಾನೇ ಕಟ್ಟಿದ ಗಾಡಿಯ ಪೇಂಟ್, ಅವನಿಗೆ ಹೊಟ್ಟೆ ಉರಿದಿರಬೇಕು. ಪೇಂಟ್ ರಿಮೂವರ್ ಹಚ್ಚಿ, ಕಾದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಚ್ಚಿ, ಮೂರು ಸಲ ಮಾಡಿದ ಮೇಲೆ ಲೋಹ ಕಂಡಿತು. ಇಲ್ಲಿ ಸ್ಯಾಂಡ್ ಪೇಪರ್ ಹಾಕಬಾರದು, ಗ್ರೈಂಡರ್ ಅಂತೂ ಬೇಡವೇ ಬೇಡ. ನಂಬರ್ ಸುತ್ತ ಉಜ್ಜಿದ ಗೀರು ಕಂಡರೆ ನಂಬರ್ ಸರಿ ಇದ್ದರೂ ಇನ್‌ಸ್ಪೆಕ್ಟರ್ ನಂಬುವುದಿಲ್ಲ, ನಂಬಲೂಬಾರದು.

ಎರಡನೇ ಪ್ರಿಂಟ್‌ನಲ್ಲಿ ಅಷ್ಟೂ ಅಕ್ಷರ ಬಿದ್ದವು. ಆರ್‌ಸಿಯ ಜೊತೆ ಬೆರಳಿಟ್ಟು ಒಂದೊಂದೇ ಹೋಲಿಸಿದೆ. ಸರಿ ಇತ್ತು. ಅಕ್ಷರಗಳ ಆಳ ಒಂದೇ ಥರ, ಅಕ್ಕಪಕ್ಕ ವೆಲ್ಡಿಂಗ್ ಗುರುತಿಲ್ಲ, ಆ ಜಾಗದಲ್ಲಿ ಕೊಳವೆ ತೆಳುವಾಗಿಲ್ಲ. ಹಳೇ ಗಾಡಿಗಳಲ್ಲಿ ಒಂದೆರಡು ಅಂಕಿ ಚೂರು ಓರೆ ಇರುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಲೋಹ ತಗ್ಗಾಗಿದ್ದರೆ, ಅಥವಾ ನಂಬರ್ ಇರುವ ತಗಡು ಬೇರೆಯಾಗಿ ಕೂರಿಸಿದ ಹಾಗಿದ್ದರೆ. ಉಜ್ಜಿ ಅಳಿಸಿದ ನಂಬರನ್ನು ವಿಧಿವಿಜ್ಞಾನ ಪ್ರಯೋಗಾಲಯದವರು ಆಸಿಡ್ ಹಚ್ಚಿ ಎಬ್ಬಿಸುತ್ತಾರೆ. ಪಂಚ್ ಹೊಡೆದಾಗ ಮೇಲಿನ ಗುರುತಿನ ಜೊತೆ ಒಳಗಿನ ಲೋಹವೂ ಅದುಮಿರುತ್ತದೆ, ಮೇಲಿಂದ ತೇದರೆ ಅದು ಹೋಗುವುದಿಲ್ಲ.

ಎಂಜಿನ್ ನಂಬರ್ ನೋಡಲು ಕಷ್ಟವೇ ಆಗಲಿಲ್ಲ. ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್‌ನ ಕೆಳಭಾಗದ ಲೋಹದ ಕವಚದ ಮೇಲೆ ಸ್ವಚ್ಛವಾಗಿ ಇತ್ತು. ಆರ್‌ಸಿಯಲ್ಲಿ ಇದ್ದದ್ದು ಬೇರೆ.

ಕೇಳಿದ ತಕ್ಷಣ ಹೇಳಿದ. ಹಳೇ ಎಂಜಿನ್‌ನ ಕನೆಕ್ಟಿಂಗ್ ರಾಡ್ ಮುರಿದಿತ್ತು, ಗುಜರಿಯಲ್ಲಿ ಒಂದು ಎಂಜಿನ್ ಸಿಕ್ಕಿತು, ಅದೂ 350 ಬುಲೆಟ್‌ದೇ, 22 ಸಾವಿರ ಕೊಟ್ಟು ತಂದು ಕೂರಿಸಿದೆ, ಅಂತ. ಬಿಲ್ ಇಲ್ಲ. ಅದೇ ಮಾಡೆಲ್, ಅದೇ ಸಿಸಿ ಆದರೆ ಏನೂ ಆಗಲ್ಲ ಅಂತ ಅವನು ನಂಬಿದ್ದ. ಹೀಗೆ ನಂಬಿದವರು ಸಾವಿರ ಜನ ಇರಬಹುದು. ಆದರೆ ಆ ಎಂಜಿನ್ ಇನ್ನೊಂದು ಆರ್‌ಸಿಗೆ ಸೇರಿದ್ದು, ಇನ್ನೊಬ್ಬರ ಗಾಡಿಯ ಅರ್ಧ ಭಾಗ. ಆ ಗಾಡಿ ಗುಜರಿಗೆ ಹೋದದ್ದೋ, ಅಪಘಾತದ್ದೋ, ಕಳವಾದದ್ದೋ, ಹೇಳುವ ಕಾಗದ ಒಂದೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾಹನ್ ಸಮನ್ವಯ ಅನ್ನುವ ಆನ್‌ಲೈನ್ ಸೇವೆಯಲ್ಲಿ ನೋಂದಣಿ, ಚಾಸಿ, ಎಂಜಿನ್ ನಂಬರ್ ಹಾಕಿ ಕಳವಿನ ದಾಖಲೆ ಇದೆಯಾ ಅಂತ ನೋಡಬಹುದು. ಹಾಕಿದೆವು. ಏನೂ ಬರಲಿಲ್ಲ. ಹುಡುಗರಿಬ್ಬರೂ ಉಸಿರು ಬಿಟ್ಟರು, ನಾನು ಬಿಡಲಿಲ್ಲ. ದೂರು ಕೊಡದ ಕಳವು ಅಲ್ಲಿ ಸಿಗುವುದಿಲ್ಲ. ನಾಳೆ ಯಾರದೋ ದೂರಿಗೆ ಆ ನಂಬರ್ ಹೊಂದಿದರೆ ಪೊಲೀಸರು ಮೊದಲು ಬರುವುದು ಗಾಡಿ ಯಾರ ಕೈಯಲ್ಲಿದೆಯೋ ಅವರ ಮನೆಗೆ, ಬಿಲ್ ತೋರಿಸಿ ಅಂತಾರೆ.

ಒಂದು ಸಮಾಧಾನ ಇತ್ತು. ಹಳೇ ಎಂಜಿನ್ ಅವನು ಬಿಸಾಡಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲದೊಳಗೆ ಇತ್ತು. ಹೊರಗೆ ಎಳೆದು ಬಟ್ಟೆಯಲ್ಲಿ ಎಣ್ಣೆ ಜಿಡ್ಡು ಒರೆಸಿದರೆ ಕ್ರ್ಯಾಂಕ್‌ಕೇಸ್ ಗಟ್ಟಿಯಾಗಿದೆ, ನಂಬರ್ ಆರ್‌ಸಿಯದ್ದೇ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ: ನಂಬರ್ ಇರುವುದು ಕ್ರ್ಯಾಂಕ್‌ಕೇಸ್ ಮೇಲೆ. ಪಿಸ್ಟನ್, ಬ್ಯಾರಲ್, ಹೆಡ್, ಕ್ರ್ಯಾಂಕ್, ಒಳಗಿನದೆಲ್ಲ ಬದಲಿಸಿದರೂ ಗಾಡಿಯ ಗುರುತು ಉಳಿಯುತ್ತದೆ. 22 ಸಾವಿರವನ್ನು ಇದೇ ಎಂಜಿನ್ ರಿಪೇರಿಗೆ ಹಾಕಿದ್ದರೆ ಕಾಗದದಲ್ಲಿ ಒಂದಕ್ಷರ ಬದಲಾಗಬೇಕಿರಲಿಲ್ಲ. ಎಂಜಿನ್ ಬದಲಿಸಲೇಬೇಕು ಅಂದರೆ ಮೊದಲೇ ಬಿಲ್ ಸಮೇತ ಆರ್‌ಟಿಓ ಅನುಮತಿ ತಗೊಂಡು ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಿಕೊಳ್ಳಬೇಕು.

ಸರಿ, ಎಂಜಿನ್‌ಗೆ ದಾರಿ ಇದೆ. ಮಾಲೀಕರ ಕಥೆ ನೋಡೋಣ ಅಂತ ಒಂದು ಭಾನುವಾರ ಅಕ್ಕನ ಮಗನನ್ನು ಕರಕೊಂಡು ರೈಲಿನಲ್ಲಿ ಅರಸೀಕೆರೆಗೆ ಹೋದೆ. ಹಾಸನದ ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ ಅಷ್ಟರಲ್ಲಿ ಕೈ ಸೇರಿತ್ತು. ಯಾವುದೇ ಹಳೇ ಗಾಡಿ ತಗೊಳ್ಳುವ ಮೊದಲು ಈ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಕಚೇರಿಯ ಬಿ ರಿಜಿಸ್ಟರಿನಲ್ಲಿ ಮಾಲೀಕರು ಯಾರು, ತೆರಿಗೆ ಏನು, ಸಾಲ ಯಾರದ್ದು ಅಂತ ಇರುವುದರ ನಕಲು ಅದು. ಮೊಬೈಲ್ ಆ್ಯಪ್‌ನಲ್ಲಿ ಈಗ ಮಾಲೀಕರ ಹೆಸರಿನ ನಡುವೆ ನಕ್ಷತ್ರ ಚಿಹ್ನೆ ಬರುತ್ತದೆ, ಪೂರ್ತಿ ಹೆಸರು ಸಿಗುವುದಿಲ್ಲ. ವಿಳಾಸ ಹಳೆಯದಾದರೂ ಊರಿನಲ್ಲಿ ಎರಡು ಕಡೆ ಕೇಳಿದಾಗ ಮನೆ ಸಿಕ್ಕಿತು.

ಬಾಗಿಲು ತೆಗೆದದ್ದು ಎಪ್ಪತ್ತರ ಆಸುಪಾಸಿನ ಹೆಂಗಸು. ಹೆಸರು ಹೇಳಿ ಕೇಳಿದೆ. "ಅವರು ಹೋಗಿ ಎಂಟು ವರ್ಷ ಆಯ್ತಪ್ಪ" ಅಂದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು.

2017ರಲ್ಲಿ ತೀರಿಕೊಂಡಿದ್ದಾರೆ. ಅಂದರೆ ನನ್ನ ಬ್ಯಾಗಿನಲ್ಲಿದ್ದ ಸಹಿಗೆ ಇವತ್ತಿನ ತಾರೀಖು ಹಾಕಿದರೆ, ಎಂಟು ವರ್ಷದ ಹಿಂದೆ ತೀರಿಕೊಂಡವರು ಇವತ್ತು ಗಾಡಿ ಮಾರಿದ ಹಾಗೆ. ಅದು ಸುಳ್ಳು ದಾಖಲೆ, ಮತ್ತು ಅದನ್ನು ಬರೆದು ಕೊಡುವ ಕೈ ನಮ್ಮ ಹುಡುಗನದ್ದೇ ಆಗುತ್ತಿತ್ತು. ಮಾಲೀಕರು ತೀರಿಕೊಂಡರೆ ದಾರಿ ಬೇರೆ. ವಾರಸುದಾರರು ಫಾರ್ಮ್ 31ರಲ್ಲಿ ಅರ್ಜಿ ಹಾಕಿ, ಮರಣ ಪ್ರಮಾಣಪತ್ರ ಕೊಟ್ಟು, ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಅವರು ನಮಗೆ ಮಾರಬೇಕು.

ಕಾಫಿ ಕೊಟ್ಟರು. ಗಾಡಿಯ ಬಗ್ಗೆ ಅವರೇ ಮಾತು ತೆಗೆದರು. ತೋಟದಿಂದ ಎಳನೀರು ಕಟ್ಟಿಕೊಂಡು ಬರುತ್ತಿದ್ದರಂತೆ, ಹಬ್ಬದ ದಿನ ತೊಳೆದು ಹೂವು ಹಾಕುತ್ತಿದ್ದರಂತೆ, ಬೀದಿ ತುದಿಯಲ್ಲಿ ಸದ್ದು ಕೇಳಿದರೆ ಇವರು ಅನ್ನಕ್ಕೆ ಇಡುತ್ತಿದ್ದರಂತೆ. ನಮ್ಮ ಹುಡುಗ ಮೊಬೈಲ್‌ನಲ್ಲಿ ಫೋಟೋ ತೋರಿಸಿದ. ಕನ್ನಡಕ ಹಾಕಿಕೊಂಡು ನೋಡಿದರು, ಫೋಟೋ ದೊಡ್ಡದು ಮಾಡಿಸಿಕೊಂಡು ಮತ್ತೆ ನೋಡಿದರು. "ಇದು ನಮ್ಮ ಗಾಡಿ ಅಲ್ವಲ್ಲ" ಅಂದರು. ನಾನು 19 ವರ್ಷ ಫೈಲ್ ನೋಡಿದವನು, ಇಷ್ಟು ಸರಿಯಾದ ತಪಾಸಣೆ ನಾನೂ ಮಾಡಿರಲಿಲ್ಲ.

ಆಮೇಲೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ಬೆಂಗಳೂರಿನ ಮೂರು ಟ್ರಾಫಿಕ್ ದಂಡದ ನೋಟಿಸ್. ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್, ಇನ್ನೊಂದು ಸೈಲೆನ್ಸರ್ ಸದ್ದಿನದ್ದು. ತೀರಿಕೊಂಡ ಗಂಡನ ಹೆಸರಿಗೆ. "ಇದು ಯಾಕೆ ಬರ್ತದೆ ಅಂತ ಗೊತ್ತಾಗ್ದೆ ಇಟ್ಟಿದ್ದೆ" ಅಂದರು. ನನಗೆ ನಿಜಕ್ಕೂ ಸಂಕಟವಾಯಿತು. ದಂಡ ಸಣ್ಣದು. ಆ ಗಾಡಿಯಿಂದ ಯಾರಿಗಾದರೂ ದೊಡ್ಡ ಪೆಟ್ಟಾಗಿದ್ದರೆ? ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ತೀರ್ಮಾನಿಸಿತು. ಅಲ್ಲೂ ಗಾಡಿ ಕೈಯಿಂದ ಕೈಗೆ ಹಲವು ಸಲ ದಾಟಿತ್ತು, ಹೆಸರು ಬದಲಾಗಿರಲಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ ಕೋರ್ಟ್ ಹೇಳಿತು. ಓಪನ್ ಪೇಪರ್‌ನಲ್ಲಿ ಮಾರುವವರಿಗೆ ಇದನ್ನು ಯಾರೂ ಕೂರಿಸಿ ಹೇಳುವುದಿಲ್ಲ.

ವಾಪಸ್ ಬಂದು ವಿಮೆ ನೋಡಿದೆ. ಪಾಲಿಸಿ ಚಾಲ್ತಿಯಲ್ಲಿತ್ತು. ಹುಡುಗ ಪ್ರತಿ ವರ್ಷ ಆನ್‌ಲೈನ್‌ನಲ್ಲಿ ತಪ್ಪದೆ ಕಟ್ಟಿದ್ದಾನೆ, ಆದರೆ ತೀರಿಕೊಂಡವರ ಹೆಸರಲ್ಲಿ, 346 ಸಿಸಿಯ ಮಾಮೂಲಿ ಬುಲೆಟ್ ಅಂತ. ಅದರಲ್ಲಿ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನೋಂದಾಯಿತ ಮಾಲೀಕರಿಗೆ ಮಾತ್ರ. ಅಂದರೆ ಆರು ವರ್ಷ ಓಡಿಸಿದ ಈ ಹುಡುಗನಿಗೆ ಏನಾದರೂ ಆಗಿದ್ದರೆ ಅವನ ಮನೆಯವರಿಗೆ ಆ ದುಡ್ಡು ಸಿಗುತ್ತಿರಲಿಲ್ಲ. ಅದು ಕೇಳಿದ ಮೇಲೆ ಅವನು ತುಂಬಾ ಹೊತ್ತು ಮಾತಾಡಲಿಲ್ಲ.

ಸಾಲದ ಎಂಟ್ರಿ ದೊಡ್ಡ ವಿಷಯ ಅಲ್ಲ. ಸಾಲ ಎಂದೋ ತೀರಿದೆ. ಬ್ಯಾಂಕಿನಿಂದ ಎನ್‌ಓಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ಮತ್ತು ಸಹಿ ಮಾಡಿದ ಫಾರ್ಮ್ 35 ತಂದರೆ ತೆಗೆಯುತ್ತಾರೆ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿ, ಹೊಸ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಹಾಕಿಸಿರಲಿಲ್ಲ, ಅದನ್ನೂ ಹಾಕಿಸಬೇಕು. ಅದಕ್ಕಿಂತ ದೊಡ್ಡದು, 15 ವರ್ಷದ ನೋಂದಣಿ 2019ರಲ್ಲೇ ಮುಗಿದಿತ್ತು. ಫಾರ್ಮ್ 25 ಹಾಕಿ ಐದು ವರ್ಷಕ್ಕೆ ನವೀಕರಿಸಬೇಕು. ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ ಅಂತ ನಿಯಮದಲ್ಲಿದೆ, ಪೂರ್ತಿ ಲೆಕ್ಕ ಹಾಕಿದರೆ 20 ಸಾವಿರ ದಾಟುತ್ತದೆ. ದುಡ್ಡು ಹೋಗಲಿ. ನವೀಕರಣ ಅಂದರೆ ಗಾಡಿಯನ್ನು ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಬೇಕು.

ಅಲ್ಲಿ ದಾರಿ ಮುಗಿಯುತ್ತದೆ. ಯಾಕಂದರೆ ಈ ಗಾಡಿಯ ಹಿಂದಿನ ಅರ್ಧ ಫ್ರೇಮ್ ಕತ್ತರಿಸಿ, ಶಾಕ್ ಅಬ್ಸಾರ್ಬರ್ ಇಲ್ಲದ ಗಟ್ಟಿ ಕೊಳವೆ ವೆಲ್ಡ್ ಮಾಡಿದ್ದಾರೆ. ಹಾರ್ಡ್‌ಟೇಲ್ ಅನ್ನುವುದು ಇದನ್ನೇ. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಮಾರ್ಪಾಡಿಗೆ ದಂಡವೂ ಇದೆ, ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ, ಆರು ತಿಂಗಳವರೆಗೆ ಜೈಲೂ ಆಗಬಹುದು, ಮತ್ತು ಅದು ಬೀಳುವುದು ಮಾಲೀಕರ ಮೇಲೆ. ಆರ್‌ಸಿಯಲ್ಲಿ ಸೀಟು ಎರಡು, ಗಾಡಿಯಲ್ಲಿ ಒಂದು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಚಕ್ರದ ಅರ್ಧ ಮುಚ್ಚುವ ಗಾರ್ಡ್ ಇರಬೇಕು ಅಂತ ಕೇಂದ್ರ ನಿಯಮಾವಳಿಯ 123ನೇ ನಿಯಮ ಹೇಳುತ್ತದೆ. ಇಲ್ಲಿ ಯಾವುದೂ ಇಲ್ಲ.

ಅಂದರೆ ಎಂಜಿನ್ ವಾಪಸ್ ಕೂರಿಸಬಹುದು. ಮಾಲೀಕರ ಹೆಸರು ಫಾರ್ಮ್ 31ರಿಂದ ಸರಿಮಾಡಬಹುದು. ಸಾಲದ ಎಂಟ್ರಿ, ದಂಡ, ಪ್ಲೇಟ್, ಎಲ್ಲಕ್ಕೂ ಒಂದೊಂದು ಕೌಂಟರ್ ಇದೆ. ಕತ್ತರಿಸಿದ ಫ್ರೇಮಿಗೆ ಕೌಂಟರ್ ಇಲ್ಲ. ಮತ್ತೆ ಹಳೇ ಭಾಗ ತಂದು ವೆಲ್ಡ್ ಮಾಡಿದರೆ ನೋಡಲು ಸರಿ ಕಾಣಬಹುದು, ಆದರೆ ಸವಾರನ ಭಾರ ಹೊರುವ ಜಾಗದಲ್ಲಿ ಎರಡು ಸಲ ಬೆಸೆದ ಕೊಳವೆಯನ್ನು ನಂಬಿ ನನ್ನ ಅಕ್ಕನ ಮಗನನ್ನು ಹೆದ್ದಾರಿಗೆ ಕಳಿಸಲು ನಾನು ಒಪ್ಪುವುದಿಲ್ಲ.

ಬೇಡ ಅಂದೆ. ಅಕ್ಕನ ಮಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಅದು ನನಗೆ ಅರ್ಥವಾಗುತ್ತದೆ. ಮನಸ್ಸು ಬಂದದ್ದು ಆ ಗಾಡಿಗೆ, ಬೇರೆ ಬುಲೆಟ್ ನೂರು ತೋರಿಸಿದರೂ ಅದಲ್ಲ. ಬಣ್ಣ, ಸೀಟು, ಹ್ಯಾಂಡಲ್ ಇಷ್ಟದ ಪ್ರಕಾರ ಮಾಡಿಸಿಕೊಂಡು, ಬಣ್ಣದ ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಿಕೊಂಡು, ಫ್ರೇಮ್ ಮುಟ್ಟದೆ ಕಟ್ಟಿದ ಗಾಡಿಗಳೂ ಇವೆ, ಹುಡುಕೋಣ ಅಂದಿದ್ದೇನೆ.

ಮಾರುವವನು 20 ಸಾವಿರದಲ್ಲಿ 15 ಅವತ್ತೇ ವಾಪಸ್ ಹಾಕಿದ, ಮಿಕ್ಕದ್ದು ಎರಡು ವಾರದಲ್ಲಿ. ದಂಡದ ಮೂರೂ ನೋಟಿಸ್ ತಾನೇ ಕಟ್ಟಿದ. ಗಾಡಿಯನ್ನು ರಸ್ತೆಗೆ ಇಳಿಸುವುದು ನಿಲ್ಲಿಸಿದ್ದಾನೆ. ಗೋಣಿಚೀಲದ ಎಂಜಿನ್‌ಗೆ ಹೊಸ ರಾಡ್ ಹಾಕಿಸುತ್ತಿದ್ದಾನೆ, ಅಷ್ಟಾದರೂ ನಂಬರ್ ಒಂದಾಗಲಿ ಅಂತ.

ನವೆಂಬರ್‌ನಲ್ಲಿ ನಾನು ಇನ್ನೊಮ್ಮೆ ಅರಸೀಕೆರೆಗೆ ಹೋಗಿದ್ದೆ. ಆ ತಾಯಿಯ ಮಗನ ಜೊತೆ ಕೂತು ಹಾಸನದ ಆರ್‌ಟಿಓಗೆ ಒಂದು ಪತ್ರ ಬರೆದೆವು: ಗಾಡಿ 2013ರಲ್ಲಿ ಮಾರಿದ್ದು, ತಂದೆ 2017ರಲ್ಲಿ ತೀರಿಕೊಂಡದ್ದು, ಗಾಡಿ ಈಗ ಯಾರ ಹತ್ತಿರ ಇದೆ ಅನ್ನುವುದು. ಮರಣ ಪ್ರಮಾಣಪತ್ರದ ನಕಲು, ಬೆಂಗಳೂರಿನ ಹುಡುಗ ಸಹಿ ಹಾಕಿ ಕೊಟ್ಟ ಹೇಳಿಕೆ ಜೊತೆಗಿಟ್ಟೆವು. ಕಚೇರಿಯ ಸೀಲ್ ಬಿದ್ದ ಪ್ರತಿಯನ್ನು ಅವರು ಅದೇ ಪ್ಲಾಸ್ಟಿಕ್ ಕವರ್‌ನಲ್ಲಿ, ನೋಟಿಸ್‌ಗಳ ಮೇಲೆ ಇಟ್ಟರು.